ಯಾರ ಬೆಳಕಿಗೆ ಯಾರ ಊರು?

ನಮ್ಮ ಕಡೆ ಜನ ಸಿನಿಮಾ ನೋಡಿ ಹೊರಗೆ ಬಂದ ಮೇಲೆ ಸಾಮಾನ್ಯವಾಗಿ ಎರಡೇ ಮಾತು ಹೇಳುತ್ತಾರೆ. ಒಂದು 'ಚಲೋ ಅದ', ಇನ್ನೊಂದು 'ಏನೂ ಇಲ್ಲ ಬಿಡ್ರಿ'. ಮೂರನೆಯ ಮಾತು ಬರುವುದು ಅಪರೂಪ. ಕಳೆದ ಚಳಿಗಾಲದಲ್ಲಿ ಸುರಪುರ, ಯಾದಗಿರಿ ಮತ್ತು ಶಹಾಪುರದಲ್ಲಿ ಮೂರು ಬೇರೆ ಬೇರೆ ಗುಂಪುಗಳ ಮುಂದೆ ಕಾಲು ಗಂಟೆಯೊಳಗೆ ಮುಗಿಯುವ ಒಂದು ಚಿತ್ರವನ್ನು ತೋರಿಸಿದೆ. ಆಗ ಈ ಎರಡು ಮಾತುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿದೆ. ಚಿತ್ರಕ್ಕಿಂತ ಮಾತೇ ಉದ್ದವಾಯಿತು. ಆ ಮಾತುಗಳನ್ನು ಓದುಗರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಚಿತ್ರದ ಹೆಸರು 'ದ ಸ್ಟಾರ್'. ಅಮೆರಿಕದ 'ಟ್ವೈಲೈಟ್ ಝೋನ್' ಎಂಬ ಟೆಲಿವಿಷನ್ ಮಾಲಿಕೆಯಲ್ಲಿ 1985ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಮೊದಲು ಪ್ರಸಾರವಾದದ್ದು. ಇದರ ಮೂಲ ಆರ್ಥರ್ ಸಿ. ಕ್ಲಾರ್ಕ್ 1955ರಲ್ಲಿ ಪ್ರಕಟಿಸಿದ ಸಣ್ಣಕತೆ. ಮರುವರ್ಷ ಆ ಕತೆಗೆ ಹ್ಯೂಗೋ ಪ್ರಶಸ್ತಿ ಬಂತು. ಅದೇ ವರ್ಷ ಕ್ಲಾರ್ಕ್ ಸಿಲೋನಿಗೆ ಬಂದು ನೆಲೆಸಿದರು, 2008ರಲ್ಲಿ ಕೊಲಂಬೊದಲ್ಲೇ ತೀರಿಕೊಂಡರು. ಹಾಗಾಗಿ ಅವರು ನಮಗೆ ತೀರಾ ದೂರದವರೇನೂ ಅಲ್ಲ.

ಕತೆ ಇಷ್ಟು. ಮುಂದೆಂದೋ ಒಂದು ಕಾಲದಲ್ಲಿ ಆಕಾಶನೌಕೆಯೊಂದು ಸಿಡಿದುಹೋದ ನಕ್ಷತ್ರವೊಂದರ ಬಳಿ ಹೋಗುತ್ತದೆ. ನೌಕೆಯ ಖಗೋಳ ವಿಜ್ಞಾನಿ ಒಬ್ಬ ಜೆಸ್ಯೂಟ್ ಪಾದ್ರಿ. ಆ ನಕ್ಷತ್ರದ ಸುತ್ತ ಒಂದು ಕಾಲಕ್ಕೆ ಜನ ಬದುಕಿದ್ದರು. ತಮ್ಮ ಸೂರ್ಯ ಸಿಡಿಯುತ್ತಾನೆಂದು ಅವರಿಗೆ ಮೊದಲೇ ಗೊತ್ತಾಗಿತ್ತು. ಓಡಿಹೋಗಲು ದಾರಿಯಿರಲಿಲ್ಲ. ಅತಿ ದೂರದ ಗ್ರಹದಲ್ಲಿ ಒಂದು ನೆಲಮಾಳಿಗೆ ಕಟ್ಟಿ ತಮ್ಮ ಹಾಡು, ಚಿತ್ರ, ಬರಹ, ಮಕ್ಕಳ ಆಟ ಎಲ್ಲವನ್ನೂ ಅದರಲ್ಲಿ ಕೂಡಿಟ್ಟು ಅವರು ಸತ್ತರು. ಪಾದ್ರಿ ಲೆಕ್ಕ ಹಾಕುತ್ತಾನೆ: ನಕ್ಷತ್ರ ಯಾವಾಗ ಸಿಡಿಯಿತು, ಅದರ ಬೆಳಕು ಭೂಮಿಗೆ ಯಾವಾಗ ಮುಟ್ಟಿತು? ಉತ್ತರ ಬಂದಾಗ ಅವನ ಎದೆ ಒಡೆಯುತ್ತದೆ. ಏಸುವಿನ ಜನನವನ್ನು ಸಾರಲು ಬೆತ್ಲೆಹೇಮಿನ ಮೇಲೆ ಹೊಳೆದ ತಾರೆ ಅದೇ. ಒಂದು ಶುಭವಾರ್ತೆ ಬೆಳಗಲು ಒಂದು ಇಡೀ ಜನಾಂಗವನ್ನು ಸುಡಬೇಕಿತ್ತೇ ಎಂಬುದು ಅವನ ಪ್ರಶ್ನೆ.

ಕ್ಲಾರ್ಕ್ ಅವರ ಕತೆ ಆ ಪ್ರಶ್ನೆಯಲ್ಲೇ ನಿಲ್ಲುತ್ತದೆ. ಟೆಲಿವಿಷನ್ನಿನವರಿಗೆ ಅಷ್ಟು ಕಠೋರವಾಗಿ ಮುಗಿಸಲು ಮನಸ್ಸು ಬರಲಿಲ್ಲವೋ ಏನೋ, ಕೊನೆಯಲ್ಲಿ ಒಂದು ಸಮಾಧಾನ ಸೇರಿಸಿದ್ದಾರೆ. ಸತ್ತವರೇ ಬರೆದಿಟ್ಟ ಪದ್ಯವೊಂದನ್ನು ಸಹೋದ್ಯೋಗಿ ಪಾದ್ರಿಗೆ ಓದಿ ಹೇಳುತ್ತಾನೆ. ನಮಗಾಗಿ ಅಳಬೇಡಿ, ನಾವು ಬೆಳಕಿನಲ್ಲಿ ಬದುಕಿದವರು ಎಂಬುದು ಅದರ ಭಾವ.

ನಾನು ಮೂರು ದಶಕ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ನಿವೃತ್ತಿಯಾದ ಮೇಲೆ ಒಂದು ಲ್ಯಾಪ್‌ಟಾಪ್, ಒಂದು ಸಣ್ಣ ಪ್ರೊಜೆಕ್ಟರ್ ಹಿಡಿದು ಕರೆದ ಕಡೆ ಹೋಗುತ್ತೇನೆ. ಗೋಡೆಗೆ ಬಿಳಿ ಚಾದರ ಕಟ್ಟಿದರೆ ಅದೇ ಟಾಕೀಸು. ಚಿತ್ರ ಇಂಗ್ಲಿಷಿನದು, ಹಾಗಾಗಿ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ, ಬೇಕಾದರೆ ದಖನಿಯಲ್ಲಿ ಹೇಳುತ್ತಿದ್ದೆ. ನೋಡುವವರಿಗೆ ಅದು ತೊಡಕಾಗಲಿಲ್ಲ. ಬಯಲಾಟ ನೋಡಿ ಬೆಳೆದವರಿಗೆ ನಡುವೆ ನಿಂತು ಅರ್ಥ ಹೇಳುವುದು ಹೊಸದಲ್ಲ.

ಮೊದಲು ಸುರಪುರದ ಮಾತು. ಸ್ನೇಹಿತರೊಬ್ಬರ ಮನೆಯ ಪಡಸಾಲೆ, ಹತ್ತು ಹದಿನೈದು ಜನ. ಹೆಚ್ಚಿನವರು ಮೇಷ್ಟ್ರುಗಳು, ಒಬ್ಬರು ತಹಸೀಲ್ದಾರ್ ಕಚೇರಿಯಿಂದ ನಿವೃತ್ತರಾದ ಹಿರಿಯರು. ಚಿತ್ರ ಮುಗಿದು ಯಾರೋ ದೀಪ ಹಾಕಿದ ಕೂಡಲೇ ಆ ಹಿರಿಯರು, 'ಇದು ನಮ್ಮ ರಾಜನ ಕತಿ ಅಲ್ಲೇನ್ರಿ ಮಾಸ್ತರ?' ಅಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು.

ಸುರಪುರದ ನಾಯಕ ಸಂಸ್ಥಾನಕ್ಕೆ 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಬಂದ. 1853ರವರೆಗೂ ಇದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಗುಡ್ಡದ ಮೇಲೆ ಈಗಲೂ ಇದೆ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ರಾಜ ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆ ಎಂದು ಜಾತಕದಲ್ಲಿ ಬರೆದಿದೆಯೆಂಬ ಗುಟ್ಟನ್ನು ತಾಯಿ ಈಶ್ವರಮ್ಮ ರಾಣಿ ಟೇಲರನಿಗೆ ತಿಳಿಸಿದ್ದಳು. ಇದನ್ನು ಟೇಲರ್ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. 1858ರಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದ, ಸೋತ, ಸೆರೆಯಾದ. ಮರಣದಂಡನೆ ಕಡಿಮೆಯಾಗಿ ಬೇರೆ ಕಡೆಗೆ ಸಾಗಿಸುತ್ತಿದ್ದಾಗ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡನೋ, ಕೈತಪ್ಪಿ ಹಾರಿತೋ, ಯಾರಾದರೂ ಹೊಡೆದರೋ ಎಂಬ ಮಾತು ಸುರಪುರದಲ್ಲಿ ಇವತ್ತಿಗೂ ಮುಗಿದಿಲ್ಲ.

'ಜಾತಕ ಖರೇ ಆತು ಅಂತ ನಮ್ಮ ಮಂದಿ ಈಗಲೂ ಹೇಳ್ತಾರ' ಎಂದರು ಹಿರಿಯರು. 'ಆಕಾಶದಾಗ ಬರದಿತ್ತು ಅಂದ್ರ ಯಾರ ಮ್ಯಾಲೂ ತಪ್ಪಿಲ್ಲ ಅಂದಂಗಾತು. ಇಂಗ್ಲಿಷರ ತೋಪಿನ ಮ್ಯಾಲೂ ತಪ್ಪಿಲ್ಲ. ಆ ಪಾದ್ರಿ ದೇವರ ಮ್ಯಾಲ ಯಾಕ ಸಿಟ್ಟಾಗ್ತಾನ? ಅವಂಗ ಬೈಯಾಕ ಬ್ಯಾರೆ ಯಾರೂ ಸಿಗಲಿಲ್ಲ.'

ಈ ಮಾತನ್ನು ನಾನು ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ. ಒಬ್ಬ ಮನುಷ್ಯನ ಸಾವಿಗೆ ಕಾರಣ ಹುಡುಕುವಾಗ ನಾವು ಎಷ್ಟು ಬೇಗ ತಲೆ ಮೇಲೆತ್ತುತ್ತೇವೆ! ನಕ್ಷತ್ರ ಸಾಕ್ಷಿಗೆ ಬರುವುದಿಲ್ಲ, ಪಾಟೀಸವಾಲಿಗೆ ಉತ್ತರಿಸುವುದಿಲ್ಲ. ಆದ್ದರಿಂದಲೇ ಆಪಾದನೆ ಹೊರಿಸಲು ಅದಕ್ಕಿಂತ ಅನುಕೂಲದ ಆರೋಪಿ ಇನ್ನೊಬ್ಬನಿಲ್ಲ.

ಎರಡನೆಯ ಪ್ರದರ್ಶನ ಯಾದಗಿರಿಯಲ್ಲಿ, ಸ್ಟೇಷನ್ ಕಡೆಯ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಇಶಾ ನಮಾಝಿನ ನಂತರ. ಅಂಗಡಿಯವರು ಚಹಾ, ಉಸ್ಮಾನಿಯಾ ಬಿಸ್ಕತ್ತಿನ ವ್ಯವಸ್ಥೆ ಮಾಡಿದ್ದರು. ಓಣಿಯ ಹುಡುಗರು, ಇಬ್ಬರು ವ್ಯಾಪಾರಿಗಳು, ಮಸೀದಿಯ ಹಝ್ರತ್, ಪಕ್ಕದ ಮನೆಯಲ್ಲಿರುವ ಮೆಥಡಿಸ್ಟ್ ಸಭೆಯ ಒಬ್ಬ ಅಕ್ಕ, ಅವರ ಮಗ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಏಸುವಿನ ತಾರೆಯ ಕತೆಯೆಂದ ಮೇಲೆ ಅವರನ್ನು ಕರೆಯದೆ ತೋರಿಸುವುದು ನನಗೆ ಸರಿಯೆನಿಸಿರಲಿಲ್ಲ.

ಅಲ್ಲಿ ಮೊದಲು ಬಾಯಿ ಬಿಟ್ಟವನು ಬಿ.ಎಸ್ಸಿ. ಓದುವ ಹುಡುಗ. 'ಸರ್, ಈ ಕತಿ ಆಗೂದೇ ಇಲ್ಲ' ಎಂದ. ಅವನ ಲೆಕ್ಕ ಸರಿಯಾಗಿತ್ತು. ನಮ್ಮ ಸೂರ್ಯನಂಥ ನಕ್ಷತ್ರ ಹೀಗೆ ಒಂಟಿಯಾಗಿ ಸಿಡಿಯುವುದಿಲ್ಲ. ಉಬ್ಬಿ, ಹೊರಪದರ ಕಳಚಿ, ಸಣ್ಣದಾಗಿ ಆರಿಹೋಗುತ್ತದೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರಗಳ ಗರ್ಭದಲ್ಲಿ ಹೈಡ್ರೋಜನ್ ಹೀಲಿಯಂ ಆಗಿ, ಹೀಲಿಯಂ ಇಂಗಾಲವಾಗಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಬ್ಬಿಣದವರೆಗೆ ಹೋಗುತ್ತದೆ. ಕಬ್ಬಿಣದಿಂದ ಮುಂದೆ ಶಕ್ತಿ ಹುಟ್ಟುವುದಿಲ್ಲ. ಒಳಗಿನ ಒತ್ತಡ ಸೋತು ಗರ್ಭ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ, ಹೊರಮೈ ಸಿಡಿದು ಚೆಲ್ಲುತ್ತದೆ. ಇದೇ ಸೂಪರ್‌ನೋವಾ. ಆದರೆ ಇಂಥ ಭಾರೀ ನಕ್ಷತ್ರಗಳ ಆಯುಷ್ಯ ಕಡಿಮೆ. ಸೂರ್ಯನ ಇಪ್ಪತ್ತು ಪಟ್ಟು ತೂಕವಿದ್ದರೆ ಹೆಚ್ಚುಕಡಿಮೆ ಒಂದು ಕೋಟಿ ವರ್ಷ. ನಮ್ಮ ಭೂಮಿಯ ಮೇಲೆ ಮಾತನಾಡುವ ಮನುಷ್ಯ ಬರಬೇಕಾದರೆ 450 ಕೋಟಿ ವರ್ಷ ಹಿಡಿಯಿತು. ಒಂದು ಕೋಟಿ ವರ್ಷದಲ್ಲಿ ಹಾಡು ಕಟ್ಟುವ ಜನ ಎಲ್ಲಿಂದ ಬರಬೇಕು?

ಕೋಣೆಯಲ್ಲಿ ಒಂದು ರೀತಿಯ ನಿರಾಳ ಹರಡಿತು. ಹಾಗಾದರೆ ಯಾರೂ ಸತ್ತಿಲ್ಲ, ದೇವರ ಮೇಲೆ ದೂರಿಲ್ಲ, ಚಹಾ ಕುಡಿಯಬಹುದು! ಆದರೆ ಹಝ್ರತ್ ಒಪ್ಪಲಿಲ್ಲ. 'ಬೇಟಾ, ಲೆಕ್ಕ ತಪ್ಪಿದ್ದು ಇಂಗ್ಲಿಷಿನವನದು, ಸರಿ. ಆದರೆ ಅವನ ಸವಾಲು ತಪ್ಪಲ್ಲವಲ್ಲ' ಎಂದರು. ಆಮೇಲೆ ಅವರು ಹೇಳಿದ್ದು ಮದೀನಾದ ಒಂದು ಘಟನೆ.

ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಅದು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಖಗೋಳ ಲೆಕ್ಕ ಹಾಕಿದವರು ಹೇಳುತ್ತಾರೆ. ಪ್ರವಾದಿಯವರ ಮಗ ಸತ್ತದ್ದಕ್ಕೇ ಸೂರ್ಯ ಕಪ್ಪಾದ ಎಂದು ಜನ ಆಡಿಕೊಂಡರು. ದುಃಖದಲ್ಲಿದ್ದ ತಂದೆಗೆ ಆ ಮಾತು ಹಿತವಾಗಬಹುದಿತ್ತು. ಅನುಯಾಯಿಗಳ ನಂಬಿಕೆಯೂ ಗಟ್ಟಿಯಾಗುತ್ತಿತ್ತು. ಆದರೆ ಪ್ರವಾದಿ(ಸ) ಅದನ್ನು ಅಲ್ಲೇ ತಡೆದರು. ಸೂರ್ಯ ಚಂದ್ರರು ದೇವನ ನಿದರ್ಶನಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ತಿಳಿಹೇಳಿದರು.

'ಹುಟ್ಟಿಗೂ ಇಲ್ಲ, ಸಾವಿಗೂ ಇಲ್ಲ' ಎಂದು ಹಝ್ರತ್ ಎರಡು ಬಾರಿ ಹೇಳಿದರು. 'ಸ್ವಂತ ಮಗನ ಸಾವಿಗೆ ಆಕಾಶವನ್ನು ಬಳಸಿಕೊಳ್ಳದವರು ಅವರು. ಆ ಪಾದ್ರಿ ಸಾಹೇಬರಿಗೆ ಈ ಮಾತು ಯಾರಾದರೂ ಹೇಳಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು.'

ಹುಡುಗರಿಗೆ ಮುಸ್ಲಿಮರು ಯಾರಾದರೂ ಇಂಥ ನಕ್ಷತ್ರ ನೋಡಿದ್ದರೇ ಎಂಬ ಕುತೂಹಲ. ನೋಡಿದ್ದರು. 1006ರ ವಸಂತದಲ್ಲಿ, ಏಪ್ರಿಲ್ ಮುಗಿದು ಮೇ ಹುಟ್ಟುವ ಹೊತ್ತಿಗೆ, ದಕ್ಷಿಣದ ಆಕಾಶದಲ್ಲಿ ಹೊಸದೊಂದು ನಕ್ಷತ್ರ ಕಾಣಿಸಿಕೊಂಡಿತು. ಮನುಷ್ಯ ದಾಖಲಿಸಿದ ನಕ್ಷತ್ರಗಳಲ್ಲೇ ಅತಿ ಪ್ರಕಾಶಮಾನವಾದದ್ದು. ಈಜಿಪ್ಟಿನ ಅಲೀ ಇಬ್ನ್ ರಿದ್ವಾನ್ ಆಗಿನ್ನೂ ಓದುವ ತರುಣ, ಮುಂದೆ ದೊಡ್ಡ ವೈದ್ಯನಾದವನು. ಅದು ಶುಕ್ರನಿಗಿಂತ ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಕಂಡಿತು, ಅದರ ಬೆಳಕು ಚಂದ್ರನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚಿತ್ತು ಎಂದು ಅವನು ಬರೆದಿಟ್ಟ. ಆ ದಿನ ಗ್ರಹಗಳು ಎಲ್ಲೆಲ್ಲಿದ್ದವು ಎಂಬುದನ್ನೂ ಗುರುತಿಸಿದ. ಇಬ್ನ್ ಸೀನಾನ 'ಶಿಫಾ' ಗ್ರಂಥದಲ್ಲಿರುವ ಒಂದು ವಿವರಣೆಯೂ ಇದೇ ನಕ್ಷತ್ರದ್ದೆಂದು 2016ರಲ್ಲಿ ಜರ್ಮನಿಯ ವಿದ್ವಾಂಸರು ತೋರಿಸಿದರು. ಸುಮಾರು ಮೂರು ತಿಂಗಳು ಉಳಿದು, ಬಣ್ಣ ಬದಲಾಯಿಸಿ, ಕಿಡಿ ಎರಚುತ್ತ ಕ್ಷೀಣಿಸಿದ್ದನ್ನು ಅವನು ಹೇಳುತ್ತಾನೆ. ಆ ಕಾಲದ ರೂಢಿಯಂತೆ ಇಬ್ನ್ ರಿದ್ವಾನ್ ಯುದ್ಧ, ಬರಗಾಲಗಳನ್ನೂ ಅದಕ್ಕೆ ಗಂಟು ಹಾಕಿದ್ದಾನೆ ನಿಜ. ಆದರೆ ಒಂದು ಸಾವಿರ ವರ್ಷದ ನಂತರ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದದ್ದು ಅವನ ಶಕುನವಲ್ಲ, ಅವನ ಅಳತೆ. ಸುಮಾರು 7,000 ಜ್ಯೋತಿರ್ವರ್ಷ ದೂರದಲ್ಲಿ ಆ ಸ್ಫೋಟದ ಅವಶೇಷ ಇಂದಿಗೂ ಹರಡುತ್ತಿದೆ.

ಇಷ್ಟು ಹೊತ್ತು ಅಕ್ಕ ಸುಮ್ಮನಿದ್ದರು. ಅವರಿಗೆ ನೋವಾಗಿದೆಯೋ ಎಂದು ನನಗೆ ಅಳುಕಿತ್ತು. ಕೊನೆಗೆ ಅವರು ಮೆಲ್ಲಗೆ ಹೇಳಿದರು: 'ತಾರೆಯ ಮಾತು ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನಲ್ಲಿ ಮಾತ್ರ ಬರ್ತದ. ಅದು ಸಿಡೀತು ಅಂತ ಅಲ್ಲಿಲ್ಲ. ಆದರೆ ಅದೇ ಅಧ್ಯಾಯದಾಗ ಇನ್ನೊಂದು ಮಾತು ಅದ. ಕ್ರಿಸ್‌ಮಸ್ ಕಾರ್ಡಿನ ಮ್ಯಾಲೆ ಅದನ್ನ ಯಾರೂ ಬರೆಯೂದಿಲ್ಲ. ತಾರೆ ನೋಡಿಕೊಂಡು ಬಂದ ಜ್ಞಾನಿಗಳು ಹೆರೋದ ರಾಜನ ಹತ್ರ ಮಗು ಎಲ್ಲಿ ಅಂತ ಕೇಳ್ತಾರ. ಅವನಿಗೆ ಸಿಂಹಾಸನದ ಭಯ. ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸ್ತಾನ. ತಾಯಂದಿರು ಅತ್ತದ್ದೂ ಅಲ್ಲಿ ಬರದದ. ಸಮಾಧಾನ ಬೇಡ ಅಂತ ಅತ್ತರಂತ. ಮಕ್ಕಳು ಸತ್ತದ್ದು ಖರೇ ಸರ್, ಆದರೆ ಕೊಂದದ್ದು ತಾರೆಯಲ್ಲ.'

ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಕ್ಷಣ ಏನೂ ಹೇಳಲು ತೋಚಲಿಲ್ಲ. ಹಝ್ರತ್ ತಲೆದೂಗಿದರು. 'ಸಮಾಧಾನ ಬೇಡ ಎಂದು ಅತ್ತವರ ಮಾತನ್ನು ಗ್ರಂಥದಲ್ಲಿ ಇಟ್ಟುಕೊಳ್ಳುವುದು ಸಣ್ಣದಲ್ಲ ತಂಗೀ' ಎಂದರು. ಸುರಪುರದ ಹಿರಿಯರು ತೋಪಿನ ಬಗ್ಗೆ ಹೇಳಿದ್ದು, ಯಾದಗಿರಿಯ ಅಕ್ಕ ಹೆರೋದನ ಬಗ್ಗೆ ಹೇಳಿದ್ದು ಎರಡೂ ಒಂದೇ ಮಾತು. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಮೂರನೆಯ ಪ್ರದರ್ಶನ ಶಹಾಪುರದ ಸಮೀಪ ಒಂದು ಶಾಲೆಯ ಅಂಗಳದಲ್ಲಿ. ಶಹಾಪುರವೆಂದರೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ಅದರ ಸೀಮೆಯಲ್ಲೇ ವಿಭೂತಿಹಳ್ಳಿ. ಅಲ್ಲಿ ಬೃಹತ್ ಶಿಲಾಯುಗದ ಜನ ದುಂಡುಕಲ್ಲುಗಳನ್ನು ಸಾಲುಸಾಲಾಗಿ, ಚದುರಂಗದ ಮನೆಗಳಂತೆ ಇಟ್ಟಿದ್ದಾರೆ. ಅದನ್ನು ಮೊದಲು ಹೊರಜಗತ್ತಿಗೆ ಬರೆದು ತಿಳಿಸಿದವನೂ ಅದೇ ಮೆಡೋಸ್ ಟೇಲರ್. ಆ ಸಾಲುಗಳಿಗೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕುಗಳಿಗೂ ಸಂಬಂಧವಿದೆಯೆಂದು ಖಗೋಳ ವಿಜ್ಞಾನಿಗಳು ವಾದಿಸಿದ್ದಾರೆ. ಆಕಾಶ ನೋಡುವ ಚಾಳಿ ಈ ನೆಲಕ್ಕೆ ಹಳೆಯದು.

ಅಂದು ಮಕ್ಕಳು, ಅವರ ತಂದೆತಾಯಿ, ಅಜ್ಜಅಜ್ಜಿಯರು ಸೇರಿದ್ದರು. ಚಿತ್ರಕ್ಕೆ ಮೊದಲು ಎಲ್ಲರಿಗೂ ಪೂರ್ವದ ಆಕಾಶ ತೋರಿಸಿದೆ. ಬೇಟೆಗಾರನ ಆಕಾರದ ಓರಿಯನ್ ಏರುತ್ತಿತ್ತು. ಅದರ ಭುಜದಲ್ಲಿ ಕೆಂಪಗೆ ಕಾಣುವ ನಕ್ಷತ್ರ ಬೀಟಲ್‌ಜ್ಯೂಸ್. ಹೆಸರು ಅರಬಿಯ 'ಯದ್ ಅಲ್ ಜೌಝಾ', ಅಂದರೆ ಜೌಝಾಳ ಕೈ ಎಂಬುದರಿಂದ ಬಂದದ್ದು. ಯುರೋಪಿನ ನಕಲುಗಾರರು 'ಯ' ಅಕ್ಷರದ ಚುಕ್ಕೆಯನ್ನು ತಪ್ಪಾಗಿ ಓದಿ 'ಬ' ಮಾಡಿದರು, ಅದೇ ಉಳಿಯಿತು. ನಮ್ಮ ಪಂಚಾಂಗದವರು ಆರಿದ್ರಾ ಎನ್ನುವುದು ಇದನ್ನೇ. ಆ ಹೆಸರು ಕೇಳಿದ್ದೇ ರೈತರೆಲ್ಲ ಮುಂದೆ ಸರಿದು ಕೂತರು. ಮಿರಗ ಮಳೆಗೆ ಹೊಲ ಹದವಾಗಿ, ಆರಿದ್ರಾ ಮಳೆಗೆ ತೊಗರಿ ಬಿತ್ತುವ ನಾಡಿದು. ಆರಿದ್ರೆ ಹೊಯ್ದರೆ ದಾರಿದ್ರ್ಯ ಇಲ್ಲವೆಂಬ ಗಾದೆಯೇ ಇದೆಯಲ್ಲ.

'ಇಷ್ಟ್ ವರ್ಷ ಆರಿದ್ರಿ ಹೆಸರ ಹೇಳಿ ಬಿತ್ತೀವಿ, ಅದರ ಮಾರಿ ಇವತ್ತ ನೋಡಿದೆ' ಎಂದರೊಬ್ಬ ಕಾಕಾ. ಬಿತ್ತುವ ಕಾಲಕ್ಕೆ ಸೂರ್ಯ ಅದರ ಪಕ್ಕದಲ್ಲೇ ಇರುವುದರಿಂದ ಆಗ ಅದು ಕಾಣುವುದಿಲ್ಲ, ಹಗಲಲ್ಲಿ ಅಡಗಿರುತ್ತದೆ ಎಂದು ವಿವರಿಸಿದೆ. ಇದು ಮುಂದೆ ಸಿಡಿಯುವ ನಕ್ಷತ್ರವೂ ಹೌದು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಇದು ಎದ್ದು ಕಾಣುವಷ್ಟು ಮಂಕಾದಾಗ ಸಿಡಿದೇಬಿಟ್ಟಿತೆಂದು ಜಗತ್ತು ಕಾದಿತ್ತು. ಆಮೇಲೆ ಅದು ನಕ್ಷತ್ರವೇ ಉಗುಳಿದ ದೂಳಿನ ಮೋಡವೆಂದು ತಿಳಿಯಿತು. ಸಿಡಿಯುವುದು ನಾಳೆಯೂ ಇರಬಹುದು, ಲಕ್ಷ ವರ್ಷದ ನಂತರವೂ ಇರಬಹುದು. 'ಆರಿದ್ರಿ ಸಿಡಿದರ ಮಳಿ ಹ್ಯಾಂಗ್ರಿ?' ಎಂದು ಕಾಕಾ ಕೇಳಿದರು. ಮಳೆ ಬರುವುದು ನಕ್ಷತ್ರದಿಂದಲ್ಲ, ಅರಬ್ಬೀ ಸಮುದ್ರದಿಂದ. ಆರಿದ್ರಾ ಬರೀ ಕ್ಯಾಲೆಂಡರು ಎಂದಾಗ ಅವರಿಗೆ ನೆಮ್ಮದಿಯಾಯಿತು.

ಚಿತ್ರ ಮುಗಿದ ಮೇಲೆ ಮಕ್ಕಳು ಕೈ ಎತ್ತಿದರು. ಅವರಿಗೆ ನಾನು ಸೂಪರ್‌ನೋವಾದ ಇನ್ನೊಂದು ಮುಖ ಹೇಳಿದೆ. ನಮ್ಮ ರಕ್ತದ ಕಬ್ಬಿಣ, ಎಲುಬಿನ ಸುಣ್ಣ, ಉಸಿರಿನ ಆಮ್ಲಜನಕ ಎಲ್ಲವೂ ಎಂದೋ ಸತ್ತ ನಕ್ಷತ್ರಗಳ ಒಲೆಯಲ್ಲಿ ಬೆಂದದ್ದು. ಹಟ್ಟಿಯ ಗಣಿಯ ಬಂಗಾರ, ಇಲ್ಲೇ ಗೋಗಿಯ ನೆಲದಡಿ ಸಿಕ್ಕಿರುವ ಯುರೇನಿಯಂ ಇವು ಇನ್ನೂ ಉಗ್ರವಾದ ಘಟನೆಗಳಲ್ಲಿ, ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಂಥವುಗಳಲ್ಲಿ ಹುಟ್ಟಿದವು. 'ಹಂಗಾದ್ರ ಸಿಡಿದದ್ದು ಚಲೋನೇ ಆತಲ್ರಿ ಸರ್' ಎಂದಳು ಒಬ್ಬ ಹುಡುಗಿ. ಎಲ್ಲರೂ ನಕ್ಕರು.

ಆಗ ಗೋಡೆಗೆ ಒರಗಿ ಕೂತಿದ್ದ ಒಬ್ಬ ಮುದುಕಿ ಮಾತಾಡಿದಳು. ಕೃಷ್ಣಾ ದಂಡೆಯ ಮುಳುಗಡೆ ಊರೊಂದರಿಂದ ಮಗಳ ಮನೆಗೆಂದು ಬಂದು ಇಲ್ಲೇ ಉಳಿದವಳು. 'ಯಪ್ಪಾ, ಅವರಿಗೆ ಮುಳುಗೋದು ಮೊದಲ ಗೊತ್ತಿತ್ತಲ್ಲ, ಎಲ್ಲಾ ಗವಿಯೊಳಗ ಇಟ್ಟು ಹ್ವಾದ್ರು' ಎಂದಳು. ಸುಡುವುದಕ್ಕೆ ಅವಳು ಮುಳುಗುವುದು ಎಂದಳು, ಯಾರೂ ತಿದ್ದಲಿಲ್ಲ. 'ನಮಗೂ ಗೊತ್ತಿತ್ತು. ಸರ್ವೇದವರು ಬಂದು ಗ್ವಾಡಿ ಮ್ಯಾಲ ನಂಬರ ಬರದು ಹೋಗಿದ್ರು. ಬಾಗಲಾ ಕಿತ್ತಿಕೊಂಡ್ವಿ, ತೊಲಿ ಹೇರಿಕೊಂಡ್ವಿ. ಊರು ಹೇರಾಕ ಆಗಲಿಲ್ಲ. ಗವಿ ಕಟ್ಟೋ ಬುದ್ಧಿ ನಮಗ ಯಾರೂ ಹೇಳಲಿಲ್ಲ.'

ಓದುಗರು ಇಲ್ಲಿಯ ಭೂಗೋಳವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಆಲಮಟ್ಟಿ ಜಲಾಶಯವನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ನದಿಯ ಮೇಲುಭಾಗದಲ್ಲಿ ಊರುಗಳು, ಹೊಲಗಳು, ಬಾಗಲಕೋಟೆಯ ಹಳೆಯ ಓಣಿಗಳು ನೀರೊಳಗೆ ಹೋದವು. ಕೆಳಗೆ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆನೆಲಕ್ಕೆ ನೀರು ತಂದಿತು. ಭೀಮರಾಯನಗುಡಿಯ ಕಾಲನಿ ಎದ್ದಿತು. ಬರಗಾಲದ ನಾಡೆಂದು ಹೆಸರಾದಲ್ಲಿ ಭತ್ತದ ಗದ್ದೆ ಹಸಿರಾಯಿತು. ಮಕ್ಕಳು ಸಾಲೆಗೆ ಹೋದದ್ದು, ಮನೆಗೆ ಆರ್‌ಸಿಸಿ ಚಾವಣಿ ಬಂದದ್ದು, ಹೆಣ್ಣುಮಕ್ಕಳ ಮದುವೆಯಾದದ್ದು ಎಲ್ಲಕ್ಕೂ ಆ ಕಾಲುವೆಯ ಋಣವಿದೆ. ಅಂದು ಅಂಗಳದಲ್ಲಿ ಕೂತವರಲ್ಲಿ ಅನೇಕರು ಆ ನೀರನ್ನು ಉಂಡವರು.

ಆದ್ದರಿಂದಲೇ ಯಾರೂ ಮಾತಾಡಲಿಲ್ಲ. ಕಡೆಗೆ ಆರಿದ್ರಾ ನೋಡಿದ ಕಾಕಾನೇ, 'ಯವ್ವಾ, ನಮ್ಮ ಹೊಲದ ನೀರು ನಿಮ್ಮೂರ ಮ್ಯಾಲಿಂದನ ಬಂದದ್ದು' ಎಂದರು. ತಪ್ಪೊಪ್ಪಿಗೆಯಂತಿತ್ತು ಆ ದನಿ.

'ನೀರಿನ ಮ್ಯಾಲ ನನಗೇನು ಸಿಟ್ಟಿಲ್ಲೋ ತಮ್ಮಾ' ಎಂದಳು ಮುದುಕಿ. 'ನಿಮ್ಮ ಹೊಲ ಹಸರ ಅದ, ಇರಲಿ. ಉಣ್ರಿ. ಆದ್ರ ಇಷ್ಟ್ ವರ್ಷದಾಗ ಯಾರರ ಒಬ್ಬರು ನಮ್ಮೂರ ಹೆಸರ ಏನು ಅಂತ ಕೇಳಬೇಕಿಲ್ಲೋ?'

ಚಿತ್ರದ ಪಾದ್ರಿ ದೇವರಿಗೆ ಕೇಳಿದ ಪ್ರಶ್ನೆಗೂ ಈ ಮುದುಕಿ ನಮಗೆ ಕೇಳಿದ ಪ್ರಶ್ನೆಗೂ ಇರುವ ಅಂತರವನ್ನು ನಾನು ಆಮೇಲೆ ಬಹಳ ದಿನ ಯೋಚಿಸಿದೆ. ಪಾದ್ರಿಯ ಪ್ರಶ್ನೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಅದಕ್ಕೆ ಉತ್ತರಿಸುವ ಹೊಣೆ ಭೂಮಿಯ ಮೇಲೆ ಯಾರಿಗೂ ಇಲ್ಲ. ವಿದ್ಯಾರ್ಥಿಯ ಲೆಕ್ಕ ಅದನ್ನು ಅಸಾಧ್ಯವೆಂದಿತು. ಹಝ್ರತ್ ಹೇಳಿದ ಮದೀನಾದ ಘಟನೆ ಆಕಾಶವನ್ನು ನಮ್ಮ ಹುಟ್ಟುಸಾವುಗಳ ಡಂಗುರವಾಗಿ ಓದಬೇಡಿ ಎಂದಿತು. ಮುದುಕಿಯ ಪ್ರಶ್ನೆ ಸಣ್ಣದು, ಆದರೆ ಅದರ ವಿಳಾಸ ಸ್ಪಷ್ಟ. ನಕ್ಷತ್ರಕ್ಕೆ ತಾನು ಯಾರನ್ನು ಸುಡುತ್ತಿದ್ದೇನೆಂದು ಗೊತ್ತಿಲ್ಲ, ಯಾರಿಗೆ ಬೆಳಕಾಗುತ್ತೇನೆಂದೂ ಗೊತ್ತಿಲ್ಲ. ಅಣೆಕಟ್ಟು ಕಟ್ಟಿದವರಿಗೆ, ಅದರ ನೀರು ಕುಡಿಯುವವರಿಗೆ ಎರಡೂ ಗೊತ್ತಿರುತ್ತದೆ. ಆ ಗೊತ್ತಿರುವಿಕೆಯಲ್ಲೇ ನ್ಯಾಯ ಅನ್ಯಾಯದ ಮಾತು ಹುಟ್ಟುವುದು.

ಅಣೆಕಟ್ಟು ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಹಸಿವು ಕಂಡ ನಾಡಿನಲ್ಲಿ ಹಾಗೆ ಹೇಳುವುದು ಸುಲಭವಲ್ಲ, ಆ ಮುದುಕಿಯೂ ಹೇಳಲಿಲ್ಲ. ಆದರೆ 'ಒಳ್ಳೆಯದೇ ಆಯಿತಲ್ಲ' ಎಂಬ ಮಾತನ್ನು ಯಾರು ಹೇಳುತ್ತಾರೆ ಎಂಬುದು ಮುಖ್ಯ. ಕಳೆದುಕೊಂಡವರು ಹೇಳಿದರೆ ಅದು ದೊಡ್ಡತನ. ಪಡೆದವರು ಹೇಳಿದರೆ ಅದು ಲೆಕ್ಕ ಮುಚ್ಚುವ ಆತುರ. ಟೆಲಿವಿಷನ್ ಚಿತ್ರದ ಕೊನೆಯಲ್ಲಿ ಬರುವ ಪದ್ಯ ನನಗೆ ಮೊದಲಿನಿಂದಲೂ ಹಿತವೆನಿಸಿದ್ದಿಲ್ಲ. ಶಹಾಪುರದ ಅಂಗಳದಲ್ಲಿ ಅದರ ಕಾರಣ ಸ್ಪಷ್ಟವಾಯಿತು. ಅಳಬೇಡಿ ಎಂದು 'ಸತ್ತವರ' ಬಾಯಲ್ಲಿ ಹೇಳಿಸಿದವರು ಬದುಕಿದ್ದ ಕತೆಗಾರರು. ಮತ್ತಾಯನ ಸುವಾರ್ತೆ ಬೆತ್ಲೆಹೇಮಿನ ತಾಯಂದಿರ ಬಾಯಲ್ಲಿ ಅಂಥ ಮಾತು ಹೇಳಿಸಲಿಲ್ಲ.

ಮರುದಿನದಿಂದ ಆ ಶಾಲೆಯ ಐದಾರು ಮಕ್ಕಳು, 'ಚಲೋನೇ ಆತಲ್ರಿ' ಎಂದಿದ್ದ ಹುಡುಗಿಯ ಮುಂದಾಳತ್ವದಲ್ಲಿ, ಮುದುಕಿಯ ಮನೆಗೆ ನೋಟ್‌ಬುಕ್ ಹಿಡಿದು ಹೋಗತೊಡಗಿದರು. ನಾನು ಹೇಳಿಕೊಟ್ಟದ್ದಲ್ಲ. ಊರ ಹೆಸರಿನಿಂದ ಶುರುಮಾಡಿದ್ದಾರೆ. ಸಿಹಿನೀರಿನ ಬಾವಿ ಎಲ್ಲಿತ್ತು, ಸವಳು ಬಾವಿ ಎಲ್ಲಿತ್ತು. ಹನುಮಪ್ಪನ ಗುಡಿಯ ಮುಂದೆ ಮೊಹರಮ್ಮಿಗೆ ಅಲಾಯಿ ಕುಣಿ ತೋಡುತ್ತಿದ್ದ ಜಾಗ. ಹೊಳೆ ದಾಟಿಸಲು ಹರಿಗೋಲು ಹಾಕುತ್ತಿದ್ದವರ ಮನೆ. ಬಾಣಂತಿಗೆ ಯಾವ ಸೊಪ್ಪಿನ ಸಾರು ಮಾಡುತ್ತಿದ್ದರು, ಹಂತಿ ಕಟ್ಟಿದಾಗ ಯಾರ ದನಿ ದೊಡ್ಡದು. ಗ್ವಾಡಿಯ ಮೇಲೆ ಸರ್ವೇದವರು ಬರೆದ ನಂಬರೂ ಅದರಲ್ಲಿದೆ, ಮುದುಕಿಗೆ ಅದು ಬಾಯಿಪಾಠ. ನಾನು ಕಳೆದ ಸಲ ನೋಡಿದಾಗ ನಲವತ್ತು ಪುಟ ತುಂಬಿತ್ತು. ಅದೇ ಓಣಿಯಲ್ಲಿ ಬೇರೊಂದು ಮುಳುಗಡೆ ಊರಿನ ಅಜ್ಜನೊಬ್ಬ ಸಿಕ್ಕಿದ್ದಾನೆಂದು ಎರಡನೆಯ ನೋಟ್‌ಬುಕ್ ತಂದಿದ್ದರು.

ನಮ್ಮಲ್ಲಿ ಪ್ರತಿಯೊಬ್ಬರ ಮನೆಗೂ ನೀರೋ ಕರೆಂಟೋ ರಸ್ತೆಯೋ ಯಾವುದೋ ಒಂದು ಊರಿನ ಮೇಲಿಂದ ಬಂದಿರುತ್ತದೆ. ಆ ಊರಿನವರು ಬಹಳ ದೂರವೇನೂ ಹೋಗಿರುವುದಿಲ್ಲ, ಹೆಚ್ಚಾಗಿ ಪಕ್ಕದ ಓಣಿಯಲ್ಲೇ ಮಗಳ ಮನೆಯಲ್ಲೋ ಮಗನ ಮನೆಯಲ್ಲೋ ಇರುತ್ತಾರೆ. ಅವರಿದ್ದಾಗಲೇ ಹೋಗಿ ಕೂತು ಆ ಊರಿನ ಹೆಸರು ಕೇಳಬಹುದು. ಅದಕ್ಕೆ ಆಕಾಶನೌಕೆ ಬೇಕಿಲ್ಲ.